ಕಾವ್ಯವು ಪುರಾಣವಾಗುವ ಬಗೆ: ದೊಡ್ಡಮಳೂರಿನಿಂದ ಕಪಾಲಬೆಟ್ಟದವರೆಗೆ

ಚನ್ನಪಟ್ಟಣವನ್ನು ದಾಟಿ ಮೈಸೂರಿನ ಹಳೆಯ ಹೆದ್ದಾರಿಯಲ್ಲಿ ಕೆಲವೇ ಕಿಲೋಮೀಟರು ಸಾಗಿದರೆ, ಕಣ್ವ ನದಿಯ ಸಮೀಪದಲ್ಲಿ ದೊಡ್ಡಮಳೂರು ಸಿಗುತ್ತದೆ. ಊರಿನ ಅಪ್ರಮೇಯಸ್ವಾಮಿ ದೇವಾಲಯವು ಚೋಳರ ಕಾಲದ ಹಿನ್ನೆಲೆಯುಳ್ಳದ್ದು. ಆದರೆ ದೂರದೂರುಗಳಿಂದ ಬರುವ ಬಹಳಷ್ಟು ಜನರು ಹುಡುಕಿಕೊಂಡು ಬರುವುದು ಅದೇ ದೇವಾಲಯದೊಳಗಿನ ಒಂದು ಚಿಕ್ಕ ಗುಡಿಯನ್ನು. ಅಲ್ಲಿರುವುದು ಬೆಣ್ಣೆ ಹಿಡಿದು ಅಂಬೆಗಾಲಿಡುತ್ತಿರುವ ಕೃಷ್ಣನ ವಿಗ್ರಹ. ಮಕ್ಕಳಿಲ್ಲದ ದಂಪತಿಗಳು ಇಲ್ಲಿ ಹರಕೆ ಹೊರುತ್ತಾರೆ, ಬೆಣ್ಣೆಯನ್ನು ಅರ್ಪಿಸುತ್ತಾರೆ, ತೊಟ್ಟಿಲುಗಳನ್ನು ಒಪ್ಪಿಸುತ್ತಾರೆ. ಪುರಂದರದಾಸರು 'ಜಗದೋದ್ಧಾರನ' ಎಂಬ ಕೀರ್ತನೆಯನ್ನು ಹಾಡಿದ್ದು ಈ ಮೂರ್ತಿಯ ಮುಂದೆಯೇ ಎಂಬುದು ಸ್ಥಳದ ಐತಿಹ್ಯ.

ಅನ್ಯಧರ್ಮಗಳ ಅಧ್ಯಯನದ ಅಂಗವಾಗಿ ಗುರುಮಠದ ಕೆಲವು ವಿದ್ಯಾರ್ಥಿಗಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ದಿದ್ದೆ. ಹಿಂದಿರುಗುವ ದಾರಿಯಲ್ಲಿ ಒಬ್ಬ ಸೋದರನು ಕೇಳಿದ ಪ್ರಶ್ನೆ ಈ ಲೇಖನಕ್ಕೆ ಕಾರಣ. "ಫಾದರ್, ಹಾಡು ಚೆನ್ನಾಗಿದೆ, ಶಿಲ್ಪ ಚೆನ್ನಾಗಿದೆ. ಆದರೆ ಇದೆಲ್ಲ ಪುರಾಣ. ನಮ್ಮ ವಿಶ್ವಾಸ ಇತಿಹಾಸದ ಮೇಲೆ ನಿಂತದ್ದು. ಇದನ್ನು ನಾವು ಯಾಕೆ ಓದಬೇಕು?" ನಾನು ಆಗ ಕೊಟ್ಟ ಉತ್ತರ ಅವನಿಗೂ ಸಾಲಲಿಲ್ಲ, ನನಗೂ ಸಾಲಲಿಲ್ಲ. ಏಕೆಂದರೆ ಆ ಪ್ರಶ್ನೆ ಒಂದು ಕಾಲದಲ್ಲಿ ನನ್ನದೇ ಆಗಿತ್ತು; ಅಷ್ಟೇ ಅಲ್ಲ, ಅದು ಪ್ರಶ್ನೆಯಾಗಿರದೆ ನನ್ನ ಪ್ರಬೋಧನೆಗಳಲ್ಲಿ ಘೋಷಣೆಯಾಗಿತ್ತು.

ಪುರಾಣ ಎಂಬ ಪದ

ಆಡುಮಾತಿನಲ್ಲಿ 'ಪುರಾಣ' ಎಂಬುದಕ್ಕೆ ಈಗ ಹಗುರವಾದ ಅರ್ಥವಿದೆ. ಮುಗಿಯದ ಮಾತನ್ನು 'ನಿನ್ನ ಪುರಾಣ ಸಾಕು' ಎಂದು ತಡೆಯುತ್ತೇವೆ. ನಡೆಯದಿದ್ದುದನ್ನು 'ಅದೆಲ್ಲ ಪುರಾಣ' ಎಂದು ಬದಿಗಿಡುತ್ತೇವೆ. ಆದರೆ ಯಾಸ್ಕನ ನಿರುಕ್ತವು ಈ ಪದಕ್ಕೆ ಕೊಡುವ ವಿವರಣೆ ಬೇರೆ. ಹಳೆಯದಾಗಿದ್ದೂ ಹೊಸದಾಗುವಂಥದು ಪುರಾಣ. ಈ ಅರ್ಥದಲ್ಲಿ ನೋಡಿದರೆ ಒಂದು ಕಥೆಯನ್ನು ಪುರಾಣವಾಗಿಸುವುದು ಅದರ ವಯಸ್ಸಾಗಲಿ ಅದರೊಳಗಿನ ಅದ್ಭುತಗಳಾಗಲಿ ಅಲ್ಲ. ಒಂದು ಸಮುದಾಯವು ತನ್ನ ಹುಟ್ಟು, ಸಾವು, ಹಸಿವು, ತಪ್ಪು, ಹಂಬಲಗಳನ್ನು ಆ ಕಥೆಯ ಮೂಲಕ ಅರಿತುಕೊಳ್ಳತೊಡಗಿದಾಗ ಅದು ಪುರಾಣವಾಗುತ್ತದೆ. ಹಾಗೆ ಅರಿತುಕೊಳ್ಳುವುದು ನಿಂತ ದಿನ ಅದು ಬರಿಯ ಹಳೆಯ ಕಥೆಯಾಗಿ ಉಳಿಯುತ್ತದೆ.

ಈ ಕಾರಣದಿಂದಲೇ, ಒಬ್ಬ ಕವಿಯ ಹೆಸರಿರುವ, ಒಂದು ಕಾಲಕ್ಕೆ ಸೇರಿದ ಸಾಹಿತ್ಯಕೃತಿಯೂ ಪುರಾಣದ ಕೆಲಸ ಮಾಡಬಲ್ಲದು. ದೊಡ್ಡಮಳೂರು ಅದಕ್ಕೆ ಸ್ಪಷ್ಟ ನಿದರ್ಶನ. ಪುರಂದರದಾಸರು ಹದಿನೈದು-ಹದಿನಾರನೆಯ ಶತಮಾನಗಳ ಸಂಧಿಯಲ್ಲಿ ಬಾಳಿದ ಐತಿಹಾಸಿಕ ವ್ಯಕ್ತಿ. ಅವರ ಕೀರ್ತನೆಯ ಹಿಂದೆ ಭಾಗವತದ ಕಥೆಯಿದೆ ನಿಜ. ಆದರೆ ಲೋಕವನ್ನು ಉದ್ಧರಿಸುವವನನ್ನು ಒಬ್ಬ ತಾಯಿ ತನ್ನ ಮಗನೆಂದೇ ತಿಳಿದು ಆಡಿಸುತ್ತಾಳೆ ಎಂಬ ಒಂದೇ ನೋಟವನ್ನು ಆರಿಸಿ, ಅದನ್ನು ಮನೆಮನೆಯ ಹೆಂಗಸರೂ ಮಕ್ಕಳೂ ಹಾಡಬಲ್ಲ ಕನ್ನಡದಲ್ಲಿಟ್ಟದ್ದು ದಾಸರು. ಇಂದು ಆ ಗುಡಿಯ ಮುಂದೆ ನಿಲ್ಲುವ ತಾಯಿಯೊಬ್ಬಳು ತನ್ನ ಬರಿಯ ಮಡಿಲನ್ನು ಕಾಣುವುದು ಆ ಹಾಡಿನ ಬೆಳಕಿನಲ್ಲಿ. ಅಲ್ಲಿ ಸೇರಿರುವ ತೊಟ್ಟಿಲುಗಳು ಒಂದು ಕೀರ್ತನೆಗೆ ಜನರು ಬರೆದ ವ್ಯಾಖ್ಯಾನ.

ಈ ಸೀಮೆಯ ಬಂಡೆಗಳಿಗೂ ಇಂಥದೇ ಚರಿತ್ರೆಯಿದೆ. ರಾಮನಗರದ ರಾಮದೇವರಬೆಟ್ಟಕ್ಕೆ ರಾಮಾಯಣದ ಐತಿಹ್ಯವಿದೆ. ಅದೇ ಬಂಡೆಗಳ ನಡುವೆ ಚಿತ್ರೀಕರಣಗೊಂಡು 1975ರಲ್ಲಿ ತೆರೆಕಂಡ 'ಶೋಲೆ' ಚಿತ್ರದ ಊರನ್ನು ಹುಡುಕಿಕೊಂಡು ಬರುವವರು ಇಂದಿಗೂ ಇದ್ದಾರೆ. ಇ. ಎಂ. ಫಾರ್ಸ್ಟರ್ 1924ರಲ್ಲಿ ಪ್ರಕಟಿಸಿದ 'ಎ ಪ್ಯಾಸೇಜ್ ಟು ಇಂಡಿಯಾ' ಕಾದಂಬರಿಯ ಗುಹೆಗಳಿಗೆ ಪ್ರೇರಣೆ ಬಿಹಾರದಲ್ಲಿದೆ. ಆದರೆ ಡೇವಿಡ್ ಲೀನ್ ಅದನ್ನು ಚಲನಚಿತ್ರವಾಗಿಸಿದಾಗ, 1984ರಲ್ಲಿ ತೆರೆಕಂಡ ಆ ಚಿತ್ರದ ಗುಹೆಗಳಾಗಿ ಜಗತ್ತಿಗೆ ಕಂಡದ್ದು ಮಾಗಡಿಯ ಸಾವನದುರ್ಗದ ಬಂಡೆಗಳು. ಒಂದು ಸ್ಥಳವು ಕಥೆಗಾಗಿ ಕಾದಿರುತ್ತದೆ. ಕಥೆಯೂ ಸ್ಥಳವನ್ನು ಅರಸುತ್ತದೆ. ಇವೆರಡೂ ಸೇರಿದಲ್ಲಿ ಜನರು ಯಾತ್ರೆ ಹೊರಡುತ್ತಾರೆ.

ಧರ್ಮಸಭೆಯ ಹಳೆಯ ತೊಳಲಾಟ

ಸೋದರನ ಪ್ರಶ್ನೆ ಹೊಸದೇನೂ ಅಲ್ಲ. ಧರ್ಮಸಭೆಯು ಹುಟ್ಟಿದ ಲೋಕದಲ್ಲಿ ಹೋಮರ್ ಮತ್ತು ವರ್ಜಿಲ್ ಈ ಪಾತ್ರವನ್ನೇ ವಹಿಸಿದ್ದರು. ವರ್ಜಿಲ್ ಬರೆದ 'ಈನಿಯಡ್' ಅಗಸ್ಟಸ್ ಚಕ್ರವರ್ತಿಯ ಕಾಲದ ಕೃತಿ. ಕೆಲವೇ ತಲೆಮಾರುಗಳಲ್ಲಿ ಅದು ರೋಮಿನ ಪುರಾಣವಾಯಿತು. ರೋಮನ್ನನಾಗಿರುವುದು ಎಂದರೇನು ಎಂಬುದನ್ನು ಶಾಲೆಯ ಬಾಲಕರು ಆ ಕಾವ್ಯದಿಂದ ಕಲಿತರು. ಅಥೆನ್ಸಿಗೂ ಜೆರುಸಲೇಮಿಗೂ ಏನು ಸಂಬಂಧವೆಂದು ತೆರ್ತುಲಿಯನ್ ಗದರಿದ. ತಾನು ಕ್ರೈಸ್ತನಲ್ಲ, ಸಿಸೆರೋನ ಶಿಷ್ಯನೆಂಬ ಆರೋಪವನ್ನು ನ್ಯಾಯಪೀಠದ ಮುಂದೆ ಕೇಳಿಸಿಕೊಂಡಂತೆ ಸಂತ ಜೆರೋಮರು ಕನಸು ಕಂಡು ನಡುಗಿದರು. ಸಂತ ಬೇಸಿಲರಾದರೋ ಗ್ರೀಕ್ ಸಾಹಿತ್ಯದ ಬಗ್ಗೆ ತರುಣರಿಗೆ ಬರೆದ ಉಪದೇಶದಲ್ಲಿ, ಜೇನುನೊಣದಂತೆ ಸಾರವನ್ನು ಆರಿಸಿಕೊಳ್ಳುವ ವಿವೇಕವನ್ನು ಕಲಿಸಿದರು.

ಈ ತೊಳಲಾಟವನ್ನು ತಮ್ಮ ಒಡಲಲ್ಲೇ ಅನುಭವಿಸಿದವರು ಸಂತ ಆಗಸ್ಟೀನರು. ಬಾಲ್ಯದಲ್ಲಿ ದೀದೋ ರಾಣಿಯ ಸಾವಿಗೆ ಅತ್ತೆ, ದೇವರಿಂದ ದೂರವಾಗಿ ಸಾಯುತ್ತಿದ್ದ ನನಗಾಗಿ ನಾನು ಅಳಲಿಲ್ಲ ಎಂದು 'ಅರಿಕೆಗಳು' ಗ್ರಂಥದಲ್ಲಿ ಅವರು ಮರುಗುತ್ತಾರೆ. ಆದರೆ ಅದೇ ಗ್ರಂಥದಲ್ಲಿ ಅವರು ತಮ್ಮ ಬಾಳನ್ನು ಹೇಗೆ ಹೇಳಿಕೊಳ್ಳುತ್ತಾರೆ? ಕಾರ್ಥೇಜನ್ನು ಬಿಟ್ಟು, ದಡದಲ್ಲಿ ಅಳುವ ಹೆಣ್ಣೊಬ್ಬಳನ್ನು ಹಿಂದುಳಿಸಿ, ಕಡಲು ದಾಟಿ ಇಟಲಿಗೆ ಹೋದವನ ಕಥೆಯಾಗಿ. ಅದು ಈನಿಯಸನ ದಾರಿ. ದಡದಲ್ಲಿ ಅಳುತ್ತಿದ್ದವರು ತಾಯಿ ಮೋನಿಕಾ ಎಂಬುದು ವ್ಯತ್ಯಾಸ. ತಾನು ದೂರವಿಟ್ಟ ಕಾವ್ಯವೇ ತನ್ನ ಪರಿವರ್ತನೆಯ ಕಥೆಗೆ ಅಚ್ಚಾಯಿತು. ಬಾಲ್ಯದಲ್ಲಿ ಕಂಠಸ್ಥವಾದ ಸಾಹಿತ್ಯವನ್ನು ನಾವು ನಿರಾಕರಿಸಿದರೂ ನಮ್ಮ ಅನುಭವಗಳನ್ನು ನಾವು ಜೋಡಿಸಿಕೊಳ್ಳುವುದು ಅದರ ನೂಲಿನಲ್ಲೇ. ಪುರಾಣದ ಬಲ ಇರುವುದು ಇಲ್ಲಿ.

ಇದನ್ನು ಕನ್ನಡಕ್ಕೆ ಅನ್ವಯಿಸಿಕೊಳ್ಳೋಣ. ನಮ್ಮ ಧರ್ಮಕೇಂದ್ರಗಳ ಜನರು ಭಾನುವಾರ ಬಲಿಪೂಜೆಗೆ ಬರುತ್ತಾರೆ. ಆದರೆ ದಾನಕ್ಕೆ ಅವರ ಮನಸ್ಸಿನಲ್ಲಿರುವ ಹೆಸರು ಕರ್ಣ, ಸತ್ಯಕ್ಕೆ ಹರಿಶ್ಚಂದ್ರ, ಛಲಕ್ಕೆ ದುರ್ಯೋಧನ. ಇದು ವಿಶ್ವಾಸದ ಕೊರತೆಯಲ್ಲ, ಭಾಷೆಯ ಸ್ವಭಾವ. ಆ ಭಾಷೆಯಲ್ಲಿ ಬೋಧಿಸಬೇಕಾದ ಗುರು ಆ ಹೆಸರುಗಳ ಚರಿತ್ರೆಯನ್ನು ತಿಳಿಯದಿದ್ದರೆ, ತನ್ನ ಮಾತು ಕೇಳುಗರ ಹೃದಯದಲ್ಲಿ ಯಾವುದಕ್ಕೆ ತಾಗಿತೆಂಬುದೇ ಅವನಿಗೆ ತಿಳಿಯುವುದಿಲ್ಲ.

ಪುರಾಣವನ್ನು ತಿದ್ದಿದ ಕವಿಗಳು

ಕನ್ನಡ ಕಾವ್ಯವು ಪುರಾಣವನ್ನು ಇದ್ದಂತೆ ಒಪ್ಪಿಸಿದ್ದು ಕಡಿಮೆ. ಕ್ರಿ. ಶ. 941ರ ಸುಮಾರಿಗೆ ಪಂಪನು 'ವಿಕ್ರಮಾರ್ಜುನ ವಿಜಯ'ವನ್ನು ರಚಿಸಿದಾಗ ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದ. ವರ್ಜಿಲ್ ಅಗಸ್ಟಸನಿಗಾಗಿ ಮಾಡಿದ್ದಕ್ಕೆ ಇದು ಹತ್ತಿರದ್ದು. ರಾಜನ ಆಳ್ವಿಕೆಗೆ ಪುರಾಣದ ಪ್ರಭೆ ತೊಡಿಸುವುದು ಆಸ್ಥಾನಕವಿಯ ಕೆಲಸ. ಆದರೆ ಪಂಪನು ಅಷ್ಟಕ್ಕೇ ನಿಲ್ಲಲಿಲ್ಲ. ಅರ್ಜುನನಿಗಾಗಿ ಬರೆದ ಕಾವ್ಯದಲ್ಲಿ ಅವನ ಮನಸ್ಸು ಕರ್ಣನ ಕಡೆಗೆ ವಾಲಿತು. ಹುಟ್ಟಿನ ಹೆಸರಿನಲ್ಲಿ ಅವಮಾನಿತನಾದವನು ಗೆದ್ದವನ ಕಾವ್ಯದೊಳಗೇ ಓದುಗರ ಹೃದಯವನ್ನು ಗೆದ್ದುಕೊಂಡ. ಜೈನನಾದ ಪಂಪನು ಲೌಕಿಕವನ್ನು ಭಾರತದಲ್ಲಿಯೂ ಜಿನಾಗಮವನ್ನು ಆದಿಪುರಾಣದಲ್ಲಿಯೂ ಬೆಳಗಿದವನು. ತನ್ನ ವಿಶ್ವಾಸವನ್ನು ಬಿಡದೆಯೇ ತನ್ನದಲ್ಲದ ಮಹಾಕಥೆಗೆ ಗೌರವದಿಂದ ಕೈಹಾಕಿದ ಅವನ ನಿಲುವನ್ನು ದೇವಶಾಸ್ತ್ರದ ವಿದ್ಯಾರ್ಥಿ ವಿಶೇಷವಾಗಿ ಗಮನಿಸಬೇಕು.

ಕರ್ಣನ ಕಡೆಗಿನ ಈ ವಾಲುವಿಕೆ ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಕನ್ನಡದ ಪ್ರಧಾನ ಧಾರೆಯೊಂದಾಗಿ ಹರಿಯಿತು. ಕುವೆಂಪು ಅವರ 'ಶೂದ್ರ ತಪಸ್ವಿ' ನಾಟಕ ಬಂದದ್ದು 1944ರಲ್ಲಿ. ಉತ್ತರಕಾಂಡದ ಕಥೆಯಲ್ಲಿ ಶಂಬೂಕನು ತಪಸ್ಸು ಮಾಡಿದ್ದಕ್ಕಾಗಿ ರಾಮನ ಕೈಯಲ್ಲಿ ಹತನಾಗುತ್ತಾನೆ. ಕುವೆಂಪು ಅವರ ನಾಟಕದಲ್ಲಿ ರಾಮನು ಬಿಟ್ಟ ಬಾಣ ತಪಸ್ವಿಯನ್ನು ಮುಟ್ಟದೆ, ಅವನ ಸಾವನ್ನು ಬೇಡಿದವನನ್ನೇ ಬೆನ್ನಟ್ಟುತ್ತದೆ. ಅವನ ಕಣ್ಣು ತೆರೆಸುತ್ತದೆ. ಹಳೆಯ ಕಥೆಯನ್ನು ಹೀಗೆ ಬದಲಿಸುವುದು ಸರಿಯೇ ಎಂದು ಮಾಸ್ತಿ ವೆಂಕಟೇಶ ಅಯ್ಯಂಗಾರರು ಆಕ್ಷೇಪಿಸಿದರು. ಆ ಚರ್ಚೆ ಪುರಾಣವೆಂದರೇನು ಎಂಬುದರ ಮೇಲಿನ ಚರ್ಚೆಯೇ ಆಗಿತ್ತು. ಪರಂಪರೆಯ ಕಥೆ ಕಾಪಾಡಬೇಕಾದ ನಿಧಿಯೋ, ಪ್ರತಿ ತಲೆಮಾರೂ ತನ್ನ ಆತ್ಮಸಾಕ್ಷಿಯೊಡನೆ ಮತ್ತೆ ಹೇಳಬೇಕಾದ ಮಾತೋ?

1946ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಏಕಲವ್ಯನ ವಸ್ತುವುಳ್ಳ 'ಹೆಬ್ಬೆರಳು' ನಾಟಕವನ್ನು ಪ್ರಕಟಿಸಿದರು. ಮರುವರ್ಷ ಕುವೆಂಪು ಅವರ 'ಬೆರಳ್ಗೆ ಕೊರಳ್' ಬಂತು. ದೇಶವು ಸ್ವತಂತ್ರವಾಗುತ್ತಿದ್ದ ಆ ದಿನಗಳಲ್ಲಿ ಕನ್ನಡದ ಇಬ್ಬರು ಹಿರಿಯ ಕವಿಗಳು ಕತ್ತರಿಸಲ್ಪಟ್ಟ ಅದೇ ಒಂದು ಹೆಬ್ಬೆರಳಿನತ್ತ ನೋಡುತ್ತಿದ್ದರು. ಸ್ವಾತಂತ್ರ್ಯವು ಯಾರದ್ದು ಎಂಬ ಪ್ರಶ್ನೆಯನ್ನು ಕೇಳಲು ಅವರಿಗೆ ಹೊಸ ಕಥೆ ಬೇಕಾಗಲಿಲ್ಲ. 1949ರಲ್ಲಿ ಹೊರಬಂದ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯದಲ್ಲಿ ಎಲ್ಲರೂ ಹಳಿಯುವ ಮಂಥರೆಗೆ ಕರುಣೆ ದೊರೆಯಿತು. ಅಗ್ನಿಪರೀಕ್ಷೆಯ ಸಂದರ್ಭದಲ್ಲಿ ಸೀತೆಯೊಬ್ಬಳೇ ಉರಿಯನ್ನು ಹೊಗುವುದಿಲ್ಲ. ರಾಮನೂ ಅದನ್ನು ಪ್ರವೇಶಿಸುತ್ತಾನೆ. ಪರೀಕ್ಷಿಸುವವನೇ ಪರೀಕ್ಷೆಗೆ ಒಳಗಾಗುವ ಈ ದೃಶ್ಯದ ಮುಂದೆ ಕ್ರೈಸ್ತ ಓದುಗನು ಒಂದು ಗಳಿಗೆ ಮೌನವಾಗದೆ ಇರಲಾರ. ತೀರ್ಪು ನೀಡಬೇಕಾದವನೇ ತೀರ್ಪಿಗೆ ಗುರಿಯಾದದ್ದು ನಮ್ಮ ವಿಶ್ವಾಸದ ಕೇಂದ್ರದಲ್ಲಿರುವ ಘಟನೆ.

ಫ್ರೆಂಚ್ ಚಿಂತಕ ರೆನೆ ಜಿರಾರ್ ಅವರು ಪುರಾಣದ ಬಗ್ಗೆ ಮಂಡಿಸಿದ ವಿಚಾರ ಇಲ್ಲಿ ನೆರವಿಗೆ ಬರುತ್ತದೆ. ಅವರ ಪ್ರಕಾರ ಪುರಾತನ ಪುರಾಣಗಳು ಗುಂಪಿನ ದೃಷ್ಟಿಯಿಂದ ಹೇಳಲ್ಪಟ್ಟವು. ಊರಿನ ಕೇಡಿಗೆ ಒಬ್ಬನನ್ನು ಹೊಣೆಯಾಗಿಸಿ, ಅವನನ್ನು ಹೊರಹಾಕಿ ಅಥವಾ ಕೊಂದು, ಮರಳಿ ಬಂದ ಶಾಂತಿಯನ್ನು ಅವು ಕೊಂಡಾಡುತ್ತವೆ. ಪವಿತ್ರ ಬೈಬಲ್, ವಿಶೇಷವಾಗಿ ಪ್ರಭುವಿನ ಯಾತನೆಯ ಕಥನ, ಅದೇ ಘಟನೆಯನ್ನು ಬಲಿಯಾದವನ ಕಡೆಯಿಂದ ಹೇಳಿ ಅವನು ನಿರಪರಾಧಿಯೆಂದು ಸಾರುತ್ತದೆ. ಜಿರಾರ್ ಅವರ ವಿಭಜನೆಯನ್ನು ಭಾರತದ ಪುರಾಣಗಳಿಗೆ ಇಡಿಯಾಗಿ ಹೊಂದಿಸುವುದು ಸಾಧುವಲ್ಲ. ಕರ್ಣನಿಗೆ ಮರುಗುವ ಮಹಾಭಾರತವನ್ನು ಅಷ್ಟು ಸುಲಭವಾಗಿ ಒಂದು ಬದಿಗೆ ಸೇರಿಸಲಾಗದು. ಆದರೂ ಶಂಬೂಕನ ಕಥೆಯಲ್ಲಿ ನಡೆದದ್ದನ್ನು ಗುರುತಿಸಲು ಅವರ ಮಾತು ಉಪಯುಕ್ತ. ಒಬ್ಬನ ಸಾವಿನಿಂದ ರಾಜ್ಯಕ್ಕೆ ಕ್ಷೇಮವೆಂದಿದ್ದ ಕಥೆಯನ್ನು ಕನ್ನಡದ ಕವಿಯೊಬ್ಬರು ತಿರುಗಿಸಿ, ಸತ್ತವನ ಕಡೆಗೆ ನಿಂತು ಹೇಳಿದರು.

ಈ ಲೇಖನದ ಮುಖ್ಯ ಮಾತು ಇದು. ಶ್ರೇಷ್ಠ ಸಾಹಿತ್ಯವು ಆಧುನಿಕ ಪುರಾಣವಾಗುವಾಗ ಹಳೆಯ ಪುರಾಣದಂತೆ ಸಮಾಜವನ್ನು ಒಂದುಗೂಡಿಸುತ್ತದೆ. ಜೊತೆಗೆ, ಹಾಗೆ ಒಂದುಗೂಡಲು ಯಾರ ಬೆರಳನ್ನು ಕೇಳಿದೆವು ಎಂಬುದನ್ನೂ ನೆನಪಿಸುತ್ತದೆ. ಪಶ್ಚಾತ್ತಾಪ ಪಡಬಲ್ಲ ಪುರಾಣ ಅದು. ಶುಭಸಂದೇಶವನ್ನು ಸಾರುವವನಿಗೆ ಕನ್ನಡ ಸಾಹಿತ್ಯದಲ್ಲಿ ಭೇಟಿಯ ಸ್ಥಳವಿದ್ದರೆ ಅದು ಇಲ್ಲಿದೆ.

ಕನ್ನಡದಲ್ಲಿ ಕ್ರಿಸ್ತಕಥೆ

ಹಾಗಾದರೆ ನಮ್ಮದೇ ಕಥೆ ಈ ನೆಲದಲ್ಲಿ ಎಂಥ ಸಾಹಿತ್ಯವಾಯಿತು? ಪಶ್ಚಿಮ ಕರಾವಳಿಯಲ್ಲಿ ಯೇಸುಸಭೆಯ ಫಾದರ್ ಥಾಮಸ್ ಸ್ಟೀಫನ್ಸ್ ಅವರು ಮರಾಠಿಯಲ್ಲಿ ರಚಿಸಿದ 'ಕ್ರಿಸ್ತಪುರಾಣ'ವು 1616ರಲ್ಲಿ ಗೋವೆಯ ರಾಚೋಲಿನಲ್ಲಿ ಅಚ್ಚಾಯಿತು. 'ಪುರಾಣ'ವೆಂಬ ಹೆಸರನ್ನೇ ಅವರು ಹಿಂಜರಿಯದೆ ಆರಿಸಿಕೊಂಡದ್ದು ಗಮನಾರ್ಹ. ಆ ಶತಮಾನದ ಮಧ್ಯಭಾಗದಲ್ಲಿ ಮೈಸೂರು ಪ್ರೇಷಿತಕಾರ್ಯಕ್ಕೆ ಅಡಿಪಾಯ ಹಾಕಿದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಮಿ ಅವರು ಶ್ರೀರಂಗಪಟ್ಟಣದಲ್ಲಿ ನೆಲೆಸಿ ಕನ್ನಡವನ್ನು ಕಲಿತು ಕನ್ನಡದಲ್ಲಿ ಬರೆದರು. ಇಂದಿನ ಕನಕಪುರ ಸೀಮೆಯ ಹಳೆಯ ಕ್ರೈಸ್ತ ಗ್ರಾಮಗಳ ಬೇರು ಆ ಪ್ರೇಷಿತಕಾರ್ಯದಲ್ಲಿದೆ. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ ಅವರನ್ನು ನಾವು 1894ರ ನಿಘಂಟಿಗಾಗಿ ಸ್ಮರಿಸುತ್ತೇವೆ. ಅದಕ್ಕೂ ಮೂರು ದಶಕಗಳ ಮೊದಲು, 1862ರಲ್ಲಿ, ಅವರು 'ಕಥಾಮಾಲೆ'ಯಲ್ಲಿ ಯೇಸುವಿನ ಜೀವನವನ್ನು ಕನ್ನಡದ ಛಂದಸ್ಸಿನಲ್ಲಿ ಹಾಡಲು ಯತ್ನಿಸಿದ್ದರು.

ಇವೆಲ್ಲ ಒಳಗಿನವರ ಪ್ರಯತ್ನಗಳು. 1930ರ ದಶಕದಲ್ಲಿ ಬಂದ ಗೋವಿಂದ ಪೈಗಳ 'ಗೊಲ್ಗೊಥಾ' ಬೇರೆಯದೇ ಬಗೆಯ ಘಟನೆ. ಯೇಸುವಿನ ಕೊನೆಯ ದಿನವನ್ನು ವಸ್ತುವಾಗುಳ್ಳ ಈ ಖಂಡಕಾವ್ಯವನ್ನು ಬರೆದವರು ಕ್ರೈಸ್ತರಲ್ಲ. ಗೋವಿಂದ ಪೈಗಳು ಹುಟ್ಟಿದ್ದು 1883ರಲ್ಲಿ, ಮನೆಮಾತು ಕೊಂಕಣಿ. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿದವರು, ಹಲವು ಭಾಷೆಗಳ ವಿದ್ವಾಂಸರು, ಸಂಶೋಧಕರು, ಕನ್ನಡ ಕಾವ್ಯವನ್ನು ಪ್ರಾಸದ ಕಟ್ಟಿನಿಂದ ಬಿಡಿಸಿದವರಲ್ಲಿ ಮೊದಲಿಗರು. ಬುದ್ಧನ ಅಂತ್ಯಕಾಲವನ್ನು ಕುರಿತು 'ವೈಶಾಖಿ'ಯನ್ನೂ ಬರೆದರು. ಅಂಥ ಕವಿಯು ಶಿಲುಬೆಯ ಕಥೆಯನ್ನು ಹೇಳಿದಾಗ ಅದು ಒಂದು ಮತದ ಬೋಧನೆಯಾಗಿ ಕನ್ನಡಕ್ಕೆ ಬರಲಿಲ್ಲ. ಹರಿಶ್ಚಂದ್ರನ ಸ್ಮಶಾನವೂ ಕುರುಕ್ಷೇತ್ರವೂ ಇರುವ ಕಾವ್ಯಲೋಕದೊಳಗೆ ಗೊಲ್ಗೊಥಾ ಎಂಬ ಸ್ಥಳವೂ ಒಂದಾಗಿ ಸೇರಿತು. ಏಕಲವ್ಯನ ಬೆರಳನ್ನು ಕಂಡ ಕಣ್ಣೇ ಯೇಸುವಿನ ಕೈಗಳ ಮೊಳೆಯನ್ನೂ ಕಂಡಿತ್ತು ಎಂಬುದು ಆಕಸ್ಮಿಕವಲ್ಲ ಎಂದು ನನ್ನ ನಂಬಿಕೆ.

ದುಃಖದ ಸಂಗತಿಯೆಂದರೆ, ದೇವಶಾಸ್ತ್ರದ ತರಗತಿಯಲ್ಲಿ ಈ ಕಾವ್ಯದ ಹೆಸರನ್ನು ಹೇಳಿದಾಗ ಅದನ್ನು ಓದಿದ್ದೇನೆಂದು ಕೈಯೆತ್ತುವವರು ಬಹಳ ವಿರಳ. ಡಾಂಟೆಯನ್ನು ಅನುವಾದದಲ್ಲಿ ಓದಿದವರು ಸಿಗುತ್ತಾರೆ. ನಾನೂ ಈ ಕಾವ್ಯವನ್ನು ಮೊದಲ ಬಾರಿಗೆ ಪೂರ್ತಿಯಾಗಿ ಓದಿದ್ದು ಗುರುದೀಕ್ಷೆಯಾಗಿ ಹಲವು ವರ್ಷಗಳಾದ ಮೇಲೆ.

ಕಪಾಲವೆಂಬ ಸ್ಥಳ

ದೊಡ್ಡಮಳೂರಿನಿಂದ ಕನಕಪುರದ ಕಡೆಗೆ ತಿರುಗಿ, ಅಲ್ಲಿಂದ ಅರ್ಕಾವತಿಯ ಜಲಾಶಯದ ದಿಕ್ಕಿಗೆ ಹೋದರೆ ಹಾರೋಬೆಲೆ ಸಿಗುತ್ತದೆ. ಕಥೋಲಿಕರೇ ಹೆಚ್ಚಾಗಿರುವ ಹಳೆಯ ಗ್ರಾಮ. ಇಲ್ಲಿನ ಜನರು ಪ್ರಭುವಿನ ಯಾತನೆಯ ಕಥೆಯನ್ನು 'ಮಹಿಮೆ' ಎಂಬ ಹೆಸರಿನಲ್ಲಿ ತಲೆಮಾರುಗಳಿಂದ ನಾಟಕವಾಗಿ ಆಡುತ್ತ ಬಂದಿದ್ದಾರೆ. ಹೊಲದಲ್ಲಿ ದುಡಿಯುವವರು ಪಿಲಾತರಾಗುತ್ತಾರೆ, ಪೇತ್ರರಾಗುತ್ತಾರೆ.

ಗುರುದೀಕ್ಷೆಯಾದ ಹೊಸತರಲ್ಲಿ ಈ ಸೀಮೆಯ ಒಂದು ಹಳ್ಳಿಯಲ್ಲಿ ತಪಸ್ಸುಕಾಲದ ಪ್ರಬೋಧನೆ ಮಾಡುತ್ತ, ನಮ್ಮದು ಪುರಾಣವಲ್ಲ ಇತಿಹಾಸ, ಒಮ್ಮೆ ನಡೆದದ್ದು, ಮುಗಿದದ್ದು ಎಂದು ಗಟ್ಟಿಯಾಗಿ ಹೇಳಿದೆ. ಪೂಜೆ ಮುಗಿದ ಮೇಲೆ ಇಂಥ ನಾಟಕಗಳಲ್ಲಿ ಪಾತ್ರ ವಹಿಸುತ್ತಿದ್ದ ಹಿರಿಯರೊಬ್ಬರು ಬಳಿಗೆ ಬಂದು ಕೈಮುಗಿದು ಕೇಳಿದರು: "ಮುಗಿದದ್ದಾದರೆ ನಾವು ವರ್ಷವರ್ಷ ಯಾಕೆ ಆಡ್ತೀವಿ ಸ್ವಾಮಿ?" ಅದರಲ್ಲಿ ವ್ಯಂಗ್ಯವಿರಲಿಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು. ನಾನು ನೆನಪಿಗಾಗಿ ಎಂದೆ. ಅವರು ತಲೆಯಾಡಿಸಿ ಹೊರಟುಹೋದರು. ಪರಮಪ್ರಸಾದದ ಸಂಸ್ಕಾರದಲ್ಲಿ 'ಸ್ಮರಣೆ' ಎಂಬುದು ಬರಿಯ ನೆನಪಲ್ಲ, ಒಮ್ಮೆ ನಡೆದುದು ಇಂದು ನಮ್ಮ ನಡುವೆ ಸನ್ನಿಹಿತವಾಗುವುದು ಎಂದು ನಾಲ್ಕು ವರ್ಷ ದೇವಶಾಸ್ತ್ರ ಓದಿದ್ದ ನನಗೆ ಆ ಕ್ಷಣದಲ್ಲಿ ಹೊಳೆಯಲಿಲ್ಲ. ಹಿರಿಯರಿಗೆ ಅದು ಆಡಿ ಗೊತ್ತಿತ್ತು.

ಹಾರೋಬೆಲೆಯ ಬಳಿ ಕಪಾಲಬೆಟ್ಟವಿದೆ. ಗೊಲ್ಗೊಥಾ ಎಂದರೆ ಕಪಾಲವೆಂಬ ಸ್ಥಳ ಎಂದು ಕನ್ನಡ ಬೈಬಲ್ ಓದುವ ಎಲ್ಲರಿಗೂ ತಿಳಿದಿದೆ. 2019ರ ಡಿಸೆಂಬರ್ 25ರಂದು ಈ ಬೆಟ್ಟದಲ್ಲಿ 114 ಅಡಿ ಎತ್ತರದ ಯೇಸುವಿನ ಪ್ರತಿಮೆಗೆ ಶಂಕುಸ್ಥಾಪನೆ ನಡೆಯಿತು. ಮರುತಿಂಗಳು ಅದನ್ನು ವಿರೋಧಿಸಿ ಕನಕಪುರದಲ್ಲಿ ಮೆರವಣಿಗೆ ನಡೆಯಿತು. ಈ ಬೆಟ್ಟ ಮುನೇಶ್ವರನದು ಎಂಬುದು ವಿರೋಧಿಸಿದವರ ವಾದ. ಭೂಮಿಯ ಹಕ್ಕಿನ ವಿಚಾರವನ್ನು ತೀರ್ಮಾನಿಸುವುದು ಈ ಲೇಖನದ ಕೆಲಸವಲ್ಲ. ಆದರೆ ಒಂದು ಸಂಗತಿಯನ್ನು ನಾವು ನಮ್ಮೊಳಗೆ ಕೇಳಿಕೊಳ್ಳಬೇಕು. ಮೂರೂವರೆ ಶತಮಾನಗಳಿಂದ ಈ ಸೀಮೆಯಲ್ಲಿ ಬೇರೂರಿರುವ ವಿಶ್ವಾಸಿಗಳ ಕಥೆಯು ನೆರೆಯವರಿಗೆ ಹೊರಗಿನದೆಂದು ತೋರಲು ಸಾಧ್ಯವಾದದ್ದು ಹೇಗೆ? ಅದಕ್ಕೆ ರಾಜಕೀಯ ಕಾರಣಗಳಿವೆ. ಅವುಗಳ ಜೊತೆಗೆ ನಮ್ಮ ಪಾಲೂ ಇದೆ. ಆ ಕಥೆಯನ್ನು ನಾವು ನಮ್ಮ ದೇವಾಲಯದ ಗೋಡೆಗಳೊಳಗೆ ಹೇಳಿಕೊಂಡೆವು. ನೆರೆಯವರು ಕೇಳಬಲ್ಲ ಕನ್ನಡದಲ್ಲಿ, ಗೋವಿಂದ ಪೈಗಳು ಹೇಳಿದಂತೆ, ಹೇಳುವವರನ್ನು ನಾವು ಬೆಳೆಸಲಿಲ್ಲ. ಬೆಟ್ಟದ ತುದಿಯಲ್ಲಿ ಒಂದು ಪ್ರತಿಮೆ ನಿಲ್ಲಬಹುದು, ನಿಲ್ಲದಿರಬಹುದು. ಕಥೆಗೆ ಅಂಥ ಇಕ್ಕಟ್ಟಿಲ್ಲ. ಅದು ಒಬ್ಬರ ಮನೆಗೆ ಬರಲು ಇನ್ನೊಬ್ಬರ ಮನೆಯನ್ನು ಬಿಡಬೇಕಾಗಿಲ್ಲ.

ಎರಡು ಎಚ್ಚರಿಕೆಗಳು

ಇಷ್ಟು ಹೇಳಿದ ಮೇಲೆ ಆ ಸೋದರನ ಆತಂಕಕ್ಕೂ ನ್ಯಾಯ ಸಲ್ಲಬೇಕು. ನಮ್ಮ ಶುಭಸಂದೇಶ ಹಲವು ಪುರಾಣಗಳಲ್ಲಿ ಇನ್ನೊಂದಲ್ಲ. ವಿಶ್ವಾಸ ಸಂಗ್ರಹದಲ್ಲಿ ನಾವು ಪೊಂತಿಯುಸ್ ಪಿಲಾತನ ಹೆಸರನ್ನು ಉಚ್ಚರಿಸುವುದು ಅವನಿಗೆ ಗೌರವ ತೋರಲೆಂದಲ್ಲ. ಈ ಘಟನೆಗೆ ಒಂದು ಕಾಲ, ಒಂದು ಪ್ರಾಂತ್ಯ, ಒಬ್ಬ ಅಧಿಕಾರಿ ಇದ್ದನೆಂದು ಸಾಕ್ಷಿ ಹೇಳಲು. ಹೊಸ ಒಡಂಬಡಿಕೆಯ ಸಂದೇಶವನ್ನು ಅದರ ಪೌರಾಣಿಕ ಚೌಕಟ್ಟಿನಿಂದ ಬಿಡಿಸಿ ಅರ್ಥೈಸಬೇಕೆಂದು ರುಡಾಲ್ಫ್ ಬುಲ್ಟ್‌ಮನ್ 1941ರ ಪ್ರಸಿದ್ಧ ಉಪನ್ಯಾಸದಲ್ಲಿ ವಾದಿಸಿದರು. ಮೂರು ವರ್ಷಗಳ ಬಳಿಕ ಸಿ. ಎಸ್. ಲೂಯಿಸ್, ಕ್ರಿಸ್ತನಲ್ಲಿ ಪುರಾಣವು ವಾಸ್ತವ ಘಟನೆಯಾಯಿತು, ವಾಸ್ತವವಾದ ಮೇಲೂ ಅದು ಪುರಾಣವಾಗಿರುವುದನ್ನು ಬಿಡಲಿಲ್ಲ ಎಂದು ಬರೆದರು. ಹಾರೋಬೆಲೆಯ ನಾಟಕದ ಅಂಗಳದಲ್ಲಿ ನಿಂತು ನೋಡಿದರೆ ಎರಡನೆಯ ಮಾತೇ ನನಗೆ ನಿಜಕ್ಕೆ ಹತ್ತಿರವೆನಿಸುತ್ತದೆ. ಒಮ್ಮೆ ಮಾತ್ರ ನಡೆದದ್ದು ಮತ್ತೆ ಮತ್ತೆ ಹೊಸದಾಗುತ್ತದೆ.

ಎರಡನೆಯ ಎಚ್ಚರಿಕೆ ನಮ್ಮ ಅತ್ಯುತ್ಸಾಹಕ್ಕೆ ಸಂಬಂಧಿಸಿದ್ದು. ಯಶೋದೆಯಲ್ಲಿ ಮಾತೆ ಮರಿಯರನ್ನೂ ಏಕಲವ್ಯನಲ್ಲಿ ಕ್ರಿಸ್ತರನ್ನೂ ಕಂಡುಬಿಟ್ಟೆವೆಂದು ಆತುರದಿಂದ ಹೇಳುವುದು ಆ ಕಥೆಗಳನ್ನು ಬಾಳುತ್ತಿರುವ ಜನರಿಗೆ ಮಾಡುವ ಅಗೌರವ. ದೊಡ್ಡಮಳೂರಿನಲ್ಲಿ ತೊಟ್ಟಿಲು ಒಪ್ಪಿಸುವ ತಾಯಿ ನಮ್ಮ ದೇವಶಾಸ್ತ್ರಕ್ಕೆ ಉದಾಹರಣೆಯಾಗಲು ಬಂದವಳಲ್ಲ. ಪ್ರೇಷಿತ ಪೌಲರು ಅಥೆನ್ಸಿನ ಅರಿಯೊಪಾಗದಲ್ಲಿ ಗ್ರೀಕ್ ಕವಿಗಳ ಮಾತನ್ನು ಆಡಿದಾಗ ಅದನ್ನು ಅವರ ಕವಿಗಳದ್ದೆಂದು ಹೇಳಿಯೇ ಆಡಿದರು. ಎರವಲು ತಂದದ್ದನ್ನು ಎರವಲೆಂದು ಒಪ್ಪುವುದು ಸಂವಾದದ ಮೊದಲ ಮರ್ಯಾದೆ. ಪರಮಾತ್ಮನು ತನ್ನ ಮನೆಯಂಗಳದಲ್ಲಿ ಮಗುವಾಗಿ ಆಡಬಲ್ಲನೆಂದು ನಂಬಬಲ್ಲ ಭಾಷೆ ಕನ್ನಡ ಎಂಬುದಕ್ಕೆ ನಾವು ಕೃತಜ್ಞರಾಗಿರಬಹುದು. ಮನುಷ್ಯಾವತಾರದ ಸಂದೇಶವನ್ನು ಕೇಳುವ ಕಿವಿ ಈ ಭಾಷೆಗೆ ಮೊದಲೇ ಇದೆ. ಅಷ್ಟನ್ನು ಗುರುತಿಸಿ, ವ್ಯತ್ಯಾಸವನ್ನೂ ಗೌರವಿಸಿ ಸುಮ್ಮನಿರುವುದು ಲೇಸು.

ಗುರುಮಠದ ಪಾಠಪಟ್ಟಿಗೆ

ವಿಶ್ವಗುರು ಫ್ರಾನ್ಸಿಸರು 2024ರ ಜುಲೈ 17ರ ದಿನಾಂಕದ ತಮ್ಮ ಪತ್ರದಲ್ಲಿ ವ್ಯಕ್ತಿತ್ವದ ರೂಪಣೆಯಲ್ಲಿ ಸಾಹಿತ್ಯದ ಪಾತ್ರವನ್ನು ವಿವರಿಸಿದರು. ಗುರು ಅಭ್ಯರ್ಥಿಗಳ ಶಿಕ್ಷಣದಲ್ಲಿ ಸಾಹಿತ್ಯವನ್ನು ಅಲಂಕಾರದ ವಿಷಯವಾಗಿ ಕಾಣಬಾರದೆಂಬುದು ಅದರ ಆಶಯ. 1960ರ ದಶಕದಲ್ಲಿ ಅರ್ಜೆಂಟೀನಾದ ಸಾಂತಾ ಫೆಯಲ್ಲಿ ಶಾಲಾ ವಿದ್ಯಾರ್ಥಿಗಳಿಗೆ ಸಾಹಿತ್ಯ ಕಲಿಸಿದ್ದ ಅವರು, ಇನ್ನೊಬ್ಬರ ದನಿಯನ್ನು ಆಲಿಸುವ ಅಭ್ಯಾಸವೇ ಓದು ಎಂಬುದನ್ನು ಸ್ವಂತ ಅನುಭವದಿಂದ ಹೇಳಿದರು. ಪಾಪನಿವೇದನೆಯ ಪೀಠದಲ್ಲಿ ಕೂರಬೇಕಾದವನಿಗೆ ಇದಕ್ಕಿಂತ ಅಗತ್ಯವಾದ ಅಭ್ಯಾಸ ಯಾವುದಿದೆ?

ಈ ಹಿನ್ನೆಲೆಯಲ್ಲಿ ನನ್ನ ವಿನಂತಿ ಸರಳವಾದದ್ದು. ಕ್ರಿಸ್ತಶಾಸ್ತ್ರದ ಪಾಠದಲ್ಲಿ ಯಾತನೆಯ ಕಥನವನ್ನು ಓದುವಾಗ 'ಗೊಲ್ಗೊಥಾ'ವನ್ನೂ ಓದೋಣ. ಪಾಪ ಮತ್ತು ಪಶ್ಚಾತ್ತಾಪದ ಪಾಠದಲ್ಲಿ 'ಶೂದ್ರ ತಪಸ್ವಿ'ಯನ್ನು ತರಗತಿಯಲ್ಲಿ ಆಡಿಯೇ ನೋಡೋಣ. ಪ್ರಬೋಧನಾ ಕಲೆಯ ವಿದ್ಯಾರ್ಥಿಗಳು ಒಂದು ವರ್ಷವಾದರೂ ಹಾರೋಬೆಲೆಯ ನಾಟಕದ ತಾಲೀಮಿಗೆ ಹೋಗಿ, ಬೋಧಿಸಲೆಂದಲ್ಲದೆ ಕೇಳಲೆಂದು ಕೂರಲಿ. ಪೇತ್ರನ ಪಾತ್ರಧಾರಿ ಮೂರನೆಯ ಸಲ ಪ್ರಭುವನ್ನು ಅರಿಯೆನೆಂದು ಹೇಳುವಾಗ ಅವನ ದನಿ ಯಾಕೆ ಕುಗ್ಗುತ್ತದೆ ಎಂಬುದನ್ನು ಅವನಿಂದಲೇ ಕೇಳಿ ತಿಳಿಯಲಿ.

ಪ್ರಶ್ನೆ ಕೇಳಿದ ಸೋದರನಿಗೆ ಇಂದಾದರೂ ಇಷ್ಟು ಉತ್ತರ ಕೊಡಬಹುದು. ನೀನು ಬೋಧಿಸಲಿರುವ ಜನರು ತಮ್ಮ ನೋವನ್ನು ಯಾವ ಕಥೆಯೊಳಗೆ ಇಟ್ಟುಕೊಂಡಿದ್ದಾರೆಂದು ತಿಳಿಯದೆ, ಆ ನೋವಿನ ಬಳಿಗೆ ನಿನ್ನ ಪ್ರಭುವಿನ ಕಥೆಯನ್ನು ಒಯ್ಯಲಾರೆ. ಮುಂದಿನ ಬಾರಿ ದೊಡ್ಡಮಳೂರಿಗೆ ಹೋದಾಗ ಹತ್ತು ನಿಮಿಷ ಹೆಚ್ಚು ನಿಲ್ಲೋಣ. ಅಲ್ಲಿಂದ ಹಾರೋಬೆಲೆಗೂ ಹೋಗೋಣ. ಆ ಹಿರಿಯರ ಪ್ರಶ್ನೆಗೆ ನಾನು ಇನ್ನೂ ಉತ್ತರ ಕೊಡುವುದು ಬಾಕಿಯಿದೆ.